ಓಟಗಾರ್ತಿಯ ಸನ್ಮಾನ

ಯಮುನಳ ಫೋಟೋ ಪೇಪರಿನಲ್ಲಿ ಬಂದು ಹನ್ನೊಂದು ದಿನವಾಗಿತ್ತು. ಅವಳು ಅದನ್ನು ಸರಿಯಾಗಿ ನೋಡಿದ್ದು ಮಾತ್ರ ಸುಂಟಿಕೊಪ್ಪದ ಕ್ಷೌರದಂಗಡಿಯಲ್ಲಿ, ಅದೂ ಬೀದಿಯಲ್ಲಿ ನಿಂತು.

ಅವ್ವ ಗಂಗಮ್ಮನ ಜೊತೆ ರವಿಕೆ ಬಟ್ಟೆ ತರಲು ಪೇಟೆಗೆ ಬಂದಿದ್ದಳು. ಕ್ಷೌರದಂಗಡಿಯ ಬಾಗಿಲು ತೆರೆದಿತ್ತು. ಒಳಗೆ ಕನ್ನಡಿಯ ಪಕ್ಕದಲ್ಲಿ, ದೇವರ ಕ್ಯಾಲೆಂಡರಿಗೂ ಯಾವುದೋ ಸಿನಿಮಾ ನಟಿಯ ಚಿತ್ರಕ್ಕೂ ನಡುವೆ, ಅವಳನ್ನು ಅಂಟಿಸಿದ್ದರು. ಬಲಗಾಲು ಮೇಲೆದ್ದಿದೆ, ಬಾಯಿ ತೆರೆದಿದೆ, ಕತ್ತಿನ ನರ ಉಬ್ಬಿದೆ, ಕಪ್ಪು ಚಡ್ಡಿ ಗಾಳಿಗೆ ತೊಡೆಯ ಮೇಲಕ್ಕೆ ಸರಿದಿದೆ. ಮುಖಕ್ಕೆ ಸೋಪಿನ ನೊರೆ ಹಚ್ಚಿಸಿಕೊಂಡು ಕೂತಿದ್ದ ಒಬ್ಬಾತ ಅದನ್ನೇ ನೋಡುತ್ತಿದ್ದ. ಕನ್ನಡಿಯ ಮುಂದೆ ಕೂತವನಿಗೆ ಬೇರೆಡೆ ನೋಡಲು ಜಾಗವೂ ಇರಲಿಲ್ಲ. ಆದರೆ ಅವನು ನೋಡುತ್ತಿದ್ದುದು ಮುಖವನ್ನಲ್ಲ ಎಂಬುದು ಬೀದಿಯಿಂದಲೇ ಗೊತ್ತಾಗುವಂತಿತ್ತು.

ಯಮುನ ಎಷ್ಟು ಜೋರಾಗಿ ನಡೆದಳೆಂದರೆ ಬಟ್ಟೆ ಅಂಗಡಿ ದಾಟಿ, ಪೇಟೆಯೇ ಮುಗಿದು, ಮಡಿಕೇರಿ ರಸ್ತೆಯ ಮೊದಲ ತಿರುವಿನವರೆಗೆ ಹೋಗಿಬಿಟ್ಟಿದ್ದಳು. ಹಿಂದೆ ಏದುಸಿರು ಬಿಡುತ್ತ ಬಂದ ಗಂಗಮ್ಮ ಅವಳ ತೋಳು ಹಿಡಿದು ನಿಲ್ಲಿಸಿದಳು.

"ಎಂತ ಆತ್ ಗೂಡೆ? ಅಂಗಡಿ ಅಲ್ಲಿ ಉಟ್ಟು," ಎಂದು ಹಿಂದಕ್ಕೆ ಕೈ ತೋರಿಸಿದಳು.

"ಎಂತ ಇಲ್ಲೆ ಅವ್ವ," ಎಂದಳು ಯಮುನ. ಕಾಲು ಇನ್ನೂ ಹೊರಡುವ ಅವಸರದಲ್ಲೇ ಇತ್ತು.

ಅವಳಿಗೆ ಹತ್ತೊಂಬತ್ತು ವರ್ಷ. ತಂದೆ ಪೊನ್ನಪ್ಪ ಕರಿಕೆಯ ಕಡೆಯ ಅರೆಭಾಷೆ ಗೌಡ. ಹದಿನೈದು ವರ್ಷದ ಹಿಂದೆ ಸುಂಟಿಕೊಪ್ಪದ ಹತ್ತಿರ ನಾಣಯ್ಯನವರ ಕಾಫಿ ಎಸ್ಟೇಟಿಗೆ ಲೆಕ್ಕ ಬರೆಯುವ ರೈಟರಾಗಿ ಬಂದು, ಅಲ್ಲೇ ಕ್ವಾರ್ಟರ್ಸಿನಲ್ಲಿ ನೆಲೆ ನಿಂತವನು. ಮಗಳು ಶಾಲೆಗೆ ಮೂರು ಮೈಲಿ ಓಡಿಕೊಂಡೇ ಹೋಗಿ ಓಡಿಕೊಂಡೇ ಬರುವುದನ್ನು ಕಂಡ ಡ್ರಿಲ್ ಮಾಸ್ಟರ್ ಧರ್ಮಪಾಲ ಅವಳನ್ನು ಓಟಕ್ಕೆ ಹಚ್ಚಿದರು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಆಗ ಎರಡು ವರ್ಷ. ಮಡಿಕೇರಿಯಲ್ಲಿ ಗೆದ್ದವರು ಈಗ ಬೆಂಗಳೂರಿಗೆ ಹೋಗಬೇಕಿತ್ತು. ಯಮುನ ಹೋದಳು. ನೂರು ಮೀಟರಿನಲ್ಲಿ ಎರಡನೆಯವಳಾದಳು, ಇನ್ನೂರು ಮೀಟರಿನಲ್ಲಿ ಎಲ್ಲರನ್ನೂ ಹಿಂದೆ ಹಾಕಿದಳು. ಗುರಿ ಮುಟ್ಟುವ ಹೊತ್ತಿಗೆ ಯಾರೋ ತೆಗೆದ ಫೋಟೋ ಅದು. ತೆಗೆದದ್ದು ಅವಳಿಗೆ ಗೊತ್ತೇ ಇರಲಿಲ್ಲ. ಓಡುವಾಗ ತಾನು ಏನು ತೊಟ್ಟಿದ್ದೇನೆ ಎಂಬುದೂ ಅವಳಿಗೆ ನೆನಪಿರುತ್ತಿರಲಿಲ್ಲ.

ಈಗ ಅದೊಂದು ಬಿಟ್ಟು ಬೇರೇನೂ ನೆನಪಾಗುತ್ತಿರಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಕಂಡಕ್ಟರ್ ಸಣ್ಣಸ್ವಾಮಿ ಅವಳನ್ನು ಗುರುತು ಹಿಡಿದ. ಕುಶಾಲನಗರದ ಹತ್ತಿರದ ಹಳ್ಳಿಯವನು, ಸುಂಟಿಕೊಪ್ಪದ ಹುಡುಗರ ಹಾಕಿ ತಂಡದಲ್ಲಿ ಆಡುವವನು. ಮನಸ್ಸಿನಲ್ಲಿ ಕೆಟ್ಟದ್ದಿಲ್ಲದೆ, ಖುಷಿಯಿಂದಲೇ, ಇಡೀ ಬಸ್ಸಿಗೆ ಕೇಳುವಂತೆ ಹೇಳಿದ: "ಯಾರ್ ಕುಂತವ್ರೆ ನೋಡ್ರಪ್ಪ ನಮ್ ಬಸ್ಸಲ್ಲಿ. ಓಟದ ಯಮುನವ್ರು." ಮುಂದಿನ ಸೀಟಿನವರು ಹಿಂದಕ್ಕೆ ತಿರುಗಿದರು. ಹಿಂದಿನವರು ಎದ್ದು ನಿಂತರು. ಯಮುನ ಲಂಗವನ್ನು ಪಾದದವರೆಗೆ ಎಳೆದುಕೊಂಡು, ತನ್ನ ಸ್ಟಾಪಿಗಿಂತ ಒಂದು ಮೈಲಿ ಮೊದಲೇ ಇಳಿದಳು.

ಮನೆಯಲ್ಲೂ ಅಷ್ಟೆ. ಪಕ್ಕದ ಎಸ್ಟೇಟಿನ ರೈಟರು ಹೆಂಡತಿ ಮಕ್ಕಳೊಂದಿಗೆ ಬಂದರು. ಗುರುತಿಲ್ಲದ ಹೆಂಗಸರು ಬಂದು, ಕಾಫಿ ಕುಡಿದು, ಅವಳ ಕಾಲಿನ ಕಡೆ ನೋಡಿ ಹೋದರು. ಬೆಳಿಗ್ಗೆ ಎಸ್ಟೇಟಿನ ಗಾಡಿರಸ್ತೆಯಲ್ಲಿ ಓಡುವುದನ್ನು ಅವಳು ಬಿಟ್ಟೇಬಿಟ್ಟಳು. ಮೊದಲಾದರೆ ಕಾಫಿ ಪಿಕ್ಕಿಂಗಿಗೆ ಹೊರಟ ಕೂಲಿ ಲೈನಿನ ಹೆಂಗಸರು ದಾರಿ ಬಿಟ್ಟುಕೊಟ್ಟು ತಮ್ಮ ಮಾತು ಮುಂದುವರಿಸುತ್ತಿದ್ದರು. ಈಗ ನಿಂತು ನೋಡುತ್ತಿದ್ದರು. ಒಂದು ದಿನ ಲಂಗ ಉಟ್ಟೇ ಓಡಲು ನೋಡಿದಳು, ಎಡವಿ ಮೊಣಕೈ ತರಚಿಕೊಂಡಳು. ಓಡದ ಕಾಲು ಸುಮ್ಮನಿರಲಿಲ್ಲ. ಕೂತರೆ ಹಿಮ್ಮಡಿ ನೆಲ ಬಡಿಯುತ್ತಿತ್ತು. ಎದ್ದು ಕಣಕ್ಕೆ ಹೋಗಿ, ಒಣಹಾಕಿದ ಕಾಫಿಯನ್ನು ಈ ತುದಿಯಿಂದ ಆ ತುದಿಗೆ ಎಳೆಯುತ್ತಿದ್ದಳು, ಮತ್ತೆ ಆ ತುದಿಯಿಂದ ಈ ತುದಿಗೆ.

"ಕಾಫಿ ಒಣಗೋದು ಬಿಸಿಲಿಗೆ ಯಮುನವ್ವ," ಎಂದಳು ಕಣ ಕಾಯುವ ಮುದ್ದಿ. "ನೀವು ಹಿಂಗೆ ತಿರುವ್ತಾ ಇದ್ರೆ ಅದಕ್ಕೂ ತಲೆ ಸುತ್ತುತ್ತೆ."

ಅದೇ ವಾರ ನಾಣಯ್ಯನವರು ಪೊನ್ನಪ್ಪನನ್ನು ಬಂಗಲೆಗೆ ಕರೆಸಿ ಸನ್ಮಾನದ ಮಾತೆತ್ತಿದರು. ಅವರಿಗೆ ಯಮುನಳ ಮೇಲೆ ನಿಜವಾದ ಅಭಿಮಾನವಿತ್ತು. ಬೆಂಗಳೂರಿಗೆ ಹೋಗುವಾಗ ಪೊನ್ನಪ್ಪನಿಗೆ ತಾವಾಗಿ ರಜೆ ಕೊಟ್ಟು, ಮಡಿಕೇರಿಯವರೆಗೆ ಜೀಪಿನಲ್ಲಿ ಕಳಿಸಿದ್ದರು. ಈಗ ಭಾನುವಾರ ಸುಂಟಿಕೊಪ್ಪದ ಶಾಲೆಯ ಮೈದಾನದಲ್ಲಿ ಸಭೆ, ಜೀಪಿನಲ್ಲಿ ಮೆರವಣಿಗೆ, ಮಡಿಕೇರಿಯಿಂದ ದೊಡ್ಡ ಅಧಿಕಾರಿಗಳು, ಬೆಳ್ಳಿಯ ಕಪ್ಪು.

"ಸ್ಟೇಜಿನಲ್ಲಿ ಸೀರೆ ಉಡಲಿ ಪೊನ್ನಪ್ಪ, ನಮ್ಮ ಕಡೆಯ ಸೀರೆ, ನೆರಿಗೆ ಹಿಂದಕ್ಕೆ ಇಟ್ಟು. ಅದಾದ ಮೇಲೆ ಒಂದು ರೌಂಡ್ ಓಡಿ ತೋರಿಸಲಿ. ಫೋಟೋದಲ್ಲಿರೋ ಡ್ರೆಸ್ಸಲ್ಲೇ. ಜನ ಅದನ್ನ ನೋಡೋಕೇ ಬರೋದು."

ಪೊನ್ನಪ್ಪ ಆಗಲಿ ಎಂದ. ಹದಿನೈದು ವರ್ಷದಲ್ಲಿ ಅವನು ಆ ಬಂಗಲೆಯ ಮೆಟ್ಟಿಲ ಮೇಲೆ ಬೇರೆ ಮಾತು ಆಡಿದ್ದೇ ಇಲ್ಲ. ಮನೆಗೆ ಬಂದು ಹೇಳಿದಾಗ ಗಂಗಮ್ಮ ಒಲೆಯ ಮುಂದಿಂದ ಎದ್ದೇಬಿಟ್ಟಳು.

"ಊರೆಲ್ಲ ಕೂತ ಕಡೆ ಚಡ್ಡಿ ಹಾಕಿ ನಿಲ್ಸಿಕೆ ಅವಳೆಂತ ಸರ್ಕಸ್ಸಿನವಳಾ?"

"ಆ ಚಡ್ಡಿ ಹೊಲ್ದದ್ ನೀನೇ ಅಲ್ಲನಾ?" ಎಂದ ಪೊನ್ನಪ್ಪ, ಸೋತ ದನಿಯಲ್ಲಿ.

ಅದು ನಿಜ. ಹಳೆಯ ಕೊಡೆಯ ಬಟ್ಟೆ ಬಿಚ್ಚಿ, ಒಗೆದು, ರಾತ್ರಿ ಕೂತು ಕೈಹೊಲಿಗೆಯಲ್ಲಿ ಅದನ್ನು ಹೊಲಿದವಳು ಗಂಗಮ್ಮ. ಮಗಳ ಹೆಜ್ಜೆಗೆ ಅಡ್ಡ ಬಾರದಂತೆ ಎರಡು ಬದಿಯಲ್ಲೂ ಸೀಳು ಬಿಟ್ಟವಳೂ ಅವಳೇ.

"ನಾ ಹೊಲ್ದದ್ ಓಡಿಕೆ," ಎಂದಳು. "ನೋಡಿಕೆ ಅಲ್ಲ."

ಒಳಗಿನ ಕೋಣೆಯಲ್ಲಿ ಯಮುನ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ತನಗೆ ಇಷ್ಟು ದಿನದಿಂದ ಹೇಳಲು ಬಾರದಿದ್ದುದನ್ನು ಅವ್ವ ಎರಡು ಮಾತಿನಲ್ಲಿ ಹೇಳಿದಂತಾಯಿತು. ಆದರೂ ಅದರಿಂದ ಏನೂ ಬದಲಾಗಲಿಲ್ಲ. ಸಾವುಕಾರ ನಾಣಯ್ಯನವರ ಮುಂದೆ ಅಪ್ಪ ಒಪ್ಪಿಕೊಂಡು ಬಂದಾಗಿತ್ತು.

ಭಾನುವಾರ ಗಂಗಮ್ಮ ತನ್ನ ಮದುವೆಯ ರೇಷ್ಮೆ ಸೀರೆಯನ್ನು ಮಗಳಿಗೆ ಉಡಿಸಿದಳು. ಯಮುನ ರೇಷ್ಮೆ ಉಟ್ಟದ್ದು ಅದೇ ಮೊದಲು. ಹಿಂದೆ ನೆರಿಗೆ, ಹೆಗಲ ಮೇಲೆ ಸೆರಗಿನ ಗಂಟು, ಅಲ್ಲಿಗೊಂದು ಪಿನ್ನು, ಸೊಂಟಕ್ಕೆ ಇನ್ನೊಂದು. ಉಸಿರು ಎಳೆದರೆ ರವಿಕೆ ಎದೆಯನ್ನು ಹಿಡಿಯುತ್ತಿತ್ತು. ಕನ್ನಡಿಯಲ್ಲಿ ಕಂಡವಳು ಯಾರದೋ ಮನೆಗೆ ಮದುಮಗಳಾಗಿ ಹೊರಟಂತಿದ್ದಳು. ಚಂದವಾಗಿಯೇ ಕಾಣುತ್ತಿದ್ದಳು, ಅದು ಅವಳಿಗೂ ಗೊತ್ತಾಯಿತು. ಅದೇ ಇನ್ನಷ್ಟು ಕಸಿವಿಸಿ ತಂದಿತು. ಕ್ಷೌರದಂಗಡಿಯ ಗೋಡೆಯವಳೂ ತಾನಲ್ಲ, ಇವಳೂ ತಾನಲ್ಲ.

ಕಪ್ಪು ಚಡ್ಡಿ, ಬಿಳಿ ಬನಿಯನ್, ಕ್ಯಾನ್ವಾಸ್ ಶೂಗಳನ್ನು ಗಂಗಮ್ಮ ಒಂದು ಕೈಚೀಲದಲ್ಲಿ ಹಾಕಿ, ಮೇಲೆ ಟವೆಲು ಮುಚ್ಚಿದಳು.

ಜೀಪಿನ ಹುಡ್ ತೆಗೆದಿದ್ದರು. ಯಮುನ ಹಿಂದೆ ನಿಂತು ಕಬ್ಬಿಣದ ಸರಳು ಹಿಡಿದುಕೊಂಡಳು. ಬ್ಯಾಂಡಿನವರು ಮುಂದೆ. ಸುಂಟಿಕೊಪ್ಪದ ಸಂತೆಯ ದಿನ ಅದು, ಲೈನುಗಳ ಜನವೆಲ್ಲ ಪೇಟೆಯಲ್ಲೇ ಇದ್ದರು. ಜೀಪು ಮನುಷ್ಯರು ನಡೆಯುವುದಕ್ಕಿಂತ ನಿಧಾನವಾಗಿ ಹೋಯಿತು. ಜೀವನದಲ್ಲಿ ಅಷ್ಟು ನಿಧಾನವಾಗಿ ಅವಳು ಎಲ್ಲಿಗೂ ಹೋದದ್ದಿಲ್ಲ. ಇಳಿದು ಓಡಿದ್ದರೆ ಒಂದೂವರೆ ನಿಮಿಷದ ದಾರಿ. ಮಲಯಾಳದಲ್ಲಿ ಯಾರೋ ಏನೋ ಹೇಳಿದರು, ಸುತ್ತಲಿನವರು ನಕ್ಕರು. ಆ ಮಾತು ಏನೆಂದು ಅವಳಿಗೆ ತಿಳಿಯಲಿಲ್ಲ, ತಿಳಿಯದ್ದರಿಂದ ಅದು ತಲೆಯಲ್ಲಿ ಇನ್ನೂ ದೊಡ್ಡದಾಯಿತು.

ಮೈದಾನಕ್ಕೆ ಬಂದಾಗ ಅವಳು ಸ್ಟೇಜಿನ ಹಿಂದಿನ ಪರದೆಯನ್ನು ಕಂಡಳು.

ಬೋರ್ಡು ಬರೆಯುವವನ ಹತ್ತಿರ ಪೇಪರಿನ ಫೋಟೋ ಕೊಟ್ಟು, ಒಂದು ಆಳು ಎತ್ತರದ ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆಸಿದ್ದರು. "ಮೈಸೂರು ರಾಜ್ಯದ ಓಟದ ರಾಣಿ" ಎಂದು ಕೆಳಗೆ ಅಕ್ಷರ. ಬರೆದವನಿಗೆ ಓಟದ ವಿಷಯ ಗೊತ್ತಿರಲಿಲ್ಲ, ಸಿನಿಮಾ ಬೋರ್ಡಿನ ವಿಷಯ ಗೊತ್ತಿತ್ತು. ತುಟಿಗೆ ಕೆಂಪು ಹಚ್ಚಿದ್ದ. ಎಳೆದ ಬಾಯಿಯನ್ನು ನಗುವಾಗಿ ತಿದ್ದಿದ್ದ. ತೊಡೆಗಳಿಗೆ ಗುಲಾಬಿ ಬಣ್ಣ ತುಂಬಿ, ಚಡ್ಡಿಯನ್ನು ಇನ್ನೂ ಮೂರು ಬೆರಳು ಗಿಡ್ಡ ಮಾಡಿದ್ದ.

ಅದರ ಮುಂದೆ ಕುರ್ಚಿ ಹಾಕಿ ಅವಳನ್ನು ಕೂರಿಸಿದರು.

ಭಾಷಣ ಶುರುವಾಯಿತು. ಅತಿಥಿಗಳು ಬಂದ ಮೇಲೆ ಮತ್ತೆ ಮೊದಲಿಂದ ಶುರುವಾಯಿತು. ಮುಂದಿನ ಸಾಲಿನವರ ಕಣ್ಣು ಅವಳ ಮೇಲೆ ಒಂದು ಕ್ಷಣ ನಿಂತು, ಅವಳ ತಲೆಯ ಮೇಲಿನಿಂದ ಹಿಂದಕ್ಕೆ ಹೋಗಿ, ಮತ್ತೆ ಅವಳ ಮೇಲೆ ಬರುತ್ತಿತ್ತು. ಸೀರೆಯನ್ನು ಆ ಬಣ್ಣದ ಕಾಲುಗಳಿಗೆ ಹೋಲಿಸಿ ನೋಡುತ್ತಿದ್ದಾರೆ ಎಂದು ಅವಳಿಗೆ ಅನಿಸಿತು. ರೇಷ್ಮೆಯ ಅಂಚು ಸೊಂಟದಲ್ಲಿ ತುರಿಸುತ್ತಿತ್ತು, ತುರಿಸಿಕೊಳ್ಳುವಂತಿರಲಿಲ್ಲ. ಸೀರೆಯೊಳಗೆ ಎರಡೂ ಹಿಮ್ಮಡಿಗಳು ಹಲಗೆಯನ್ನು ಬಡಿಯತೊಡಗಿದವು. ಮೇಜಿನ ಮೇಲಿನ ನೀರಿನ ಲೋಟ ಸಣ್ಣಗೆ ಅದುರುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಧರ್ಮಪಾಲ ಮಾಸ್ಟರ್ ಲೋಟವನ್ನು ಎತ್ತಿ ಕೈಯಲ್ಲಿ ಹಿಡಿದುಕೊಂಡರು.

ಕೊನೆಗೆ ನಾಣಯ್ಯನವರು ಮೈಕಿನ ಮುಂದೆ ನಿಂತರು. "ಈಗ ನಮ್ಮ ಯಮುನ ಡ್ರೆಸ್ ಬದಲಾಯಿಸಿ ಬಂದು ನಿಮ್ಮೆಲ್ಲರ ಮುಂದೆ ಒಂದು ರೌಂಡ್ ಓಡಿ ತೋರಿಸ್ತಾಳೆ." ಹಿಂದಿನ ಸಾಲುಗಳಿಂದ ಸಿಳ್ಳೆ ಬಂತು.

ಶಾಲೆಯ ಒಂದು ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟಿದ್ದರು. ಗಂಗಮ್ಮ ಕೈಚೀಲ ಹಿಡಿದು ಒಳಗೆ ಬಂದು ಅಗಳಿ ಹಾಕಿದಳು. ಕಿಟಕಿಗೆ ಬಾಗಿಲಿರಲಿಲ್ಲ. ಅಲ್ಲಿ ಮುಖಗಳು ತುಂಬಿದವು. ಗಂಗಮ್ಮ ಟವೆಲನ್ನು ಕಿಟಕಿಗೆ ಕಟ್ಟಿದಳು. ಯಮುನ ಹೆಗಲಿನ ಪಿನ್ನು ಬಿಚ್ಚಿದಳು, ಮತ್ತೆ ಹಾಕಿದಳು, ಮತ್ತೆ ಬಿಚ್ಚಿದಳು. ಬೆಂಚುಗಳ ನಡುವೆ ಆ ಗೋಡೆಯಿಂದ ಈ ಗೋಡೆಗೆ ನಡೆದಳು.

"ನನಗೆ ಆದುದಿಲ್ಲೆ ಅವ್ವ," ಎಂದಳು.

"ಬೇಡ ಹಂಗಾರೆ. ಹೊಟ್ಟೆನೋವು ಅಂತ ಹೇಳ್ತೆ."

ಬಾಗಿಲ ಹೊರಗಿಂದ ಧರ್ಮಪಾಲ ಮಾಸ್ಟರ ದನಿ ಬಂತು. "ಯಮುನಾ, ನಿನಗೆ ಬೇಡ ಅಂದ್ರೆ ಬೇಡ. ನಾನು ಮೈಕಲ್ಲಿ ಹೇಳ್ತೇನೆ ಮಾರಾಯ್ತಿ. ನನ್ನ ಕೆಲಸಕ್ಕೇನೂ ಆಗುವುದಿಲ್ಲ."

ಅವರ ಕೆಲಸಕ್ಕೆ ಏನೂ ಆಗುವುದಿಲ್ಲ, ಅಪ್ಪನ ಕೆಲಸಕ್ಕೆ ಏನಾದರೂ ಆಗಬಹುದು. ಅದನ್ನು ಮೂವರೂ ಯೋಚಿಸಿದರು. ಯಮುನ ಬೆಂಚಿನ ಮೇಲೆ ಕೂತಳು. ಬೆಂಗಳೂರಿನ ಮೈದಾನದಲ್ಲೂ ಜನವಿತ್ತು, ಇದರ ಹತ್ತರಷ್ಟು. ಅಲ್ಲಿ ಅವಳಿಗೆ ನಾಚಿಕೆಯಾಗಿರಲಿಲ್ಲ. ಎಡಗಡೆ ಮೈಸೂರಿನ ಹುಡುಗಿ ಇದ್ದಳು, ಬಲಗಡೆ ಮಂಗಳೂರಿನವಳು, ಅವರಿಬ್ಬರ ಉಸಿರು ಕಿವಿಗೆ ತಾಗುತ್ತಿತ್ತು. ಅವರನ್ನು ದಾಟಬೇಕಿತ್ತು. ಅಷ್ಟೇ ಕೆಲಸ.

ಅವಳು ಎದ್ದು ಅಗಳಿ ತೆಗೆದಳು. ಮಾಸ್ಟರ ಹಿಂದೆ ನಾಣಯ್ಯನವರು ಗಡಿಯಾರ ನೋಡುತ್ತ ಬರುತ್ತಿದ್ದರು. ಅವರ ಹಿಂದೆ ಅಪ್ಪ.

"ಇನ್ನೂ ಆಗಲಿಲ್ವಾ ಮಗಾ? ಅತಿಥಿಗಳು ಹೊರಡಬೇಕು."

ಯಮುನ ಸಾವುಕಾರರ ಜೊತೆ ಅದುವರೆಗೆ ಹೌದು, ಇಲ್ಲ ಬಿಟ್ಟು ಬೇರೆ ಆಡಿದವಳಲ್ಲ. "ನಾನೊಬ್ಬಳೇ ಓಡುವುದಿಲ್ಲ ಸಾವುಕಾರ್ರೆ," ಎಂದಳು. "ಓಟ ಇಡಿ. ಜೊತೆಗೆ ಓಡುವವರು ಬಂದರೆ ನಾನೂ ಓಡ್ತೇನೆ."

"ಯಾರು ಬರ್ತಾರೆ ನಿನ್ನ ಜೊತೆ? ಇಲ್ಲಿ ಹುಡುಗಿಯರು ಓಡ್ತಾರಾ?"

"ಹುಡುಗರಾದರೂ ಆಗಬಹುದು. ಹಾಕಿ ಆಡುವವರು ಇದ್ದಾರಲ್ಲ."

ನಾಣಯ್ಯನವರು ಅವಳ ಮುಖವನ್ನು ನೋಡಿದರು. "ಗಂಡುಹುಡುಗರ ಜೊತೆ ಓಡಿ ಸೋತರೆ? ಸನ್ಮಾನದ ದಿನ? ಕಪ್ಪಿನ ಮೇಲೆ ಹೆಸರು ಕೆತ್ತಿಸಿದ್ದೇನೆ."

"ಸೋತರೆ ಸೋತೆ."

ಅವರು ಪೊನ್ನಪ್ಪನ ಕಡೆ ತಿರುಗಿದರು. ಪೊನ್ನಪ್ಪ ನೆಲ ನೋಡುತ್ತಿದ್ದ. ಎಂದಿನಂತೆ ಆಗಲಿ ಎನ್ನುತ್ತಾನೆ, ಮಗಳಿಗೆ ಬುದ್ಧಿ ಹೇಳುತ್ತಾನೆ ಎಂದು ಎಲ್ಲರೂ ಕಾದರು. ಅವನು ಗಂಟಲು ಸರಿಮಾಡಿಕೊಂಡು, "ಅವಳು ಹೇಳ್ದು ಸರಿ ಉಟ್ಟು ಸಾವುಕಾರ್ರೆ," ಎಂದ. ಗಾಬರಿಯಲ್ಲಿ ಮನೆಯ ಭಾಷೆಯೇ ಬಾಯಿಗೆ ಬಂದಿತ್ತು.

ಮೈದಾನದಿಂದ ಮತ್ತೆ ಸಿಳ್ಳೆ ಕೇಳಿತು. ನಾಣಯ್ಯನವರು ತಲೆ ಕೊಡವಿ, ಮೈಕಿನ ಕಡೆ ಹೋದರು.

ಯಮುನ ಒಳಗೆ ಬಂದಾಗ ಗಂಗಮ್ಮ ಆಗಲೇ ಚಡ್ಡಿಯನ್ನು ಕೈಚೀಲದಿಂದ ತೆಗೆದು, ಕೊಡವಿ ಹಿಡಿದಿದ್ದಳು. "ಓಡಿಕೆ ಆದರೆ ಹಾಕು," ಎಂದಳು.

ಅವಳು ಹೊರಗೆ ಬಂದಾಗ ಗದ್ದಲವಾಯಿತು. ಹಿಂದಿನಿಂದ ಯಾರೋ ಏನೋ ಕೂಗಿದರು. ಗೆರೆಯವರೆಗಿನ ಐವತ್ತು ಹೆಜ್ಜೆ ನಡೆಯುವಾಗ ಕೈಯನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಗೆರೆಯಲ್ಲಿ ಐದು ಜನ ಹುಡುಗರು ನಿಂತಿದ್ದರು. ಒಬ್ಬ ಕಂಡಕ್ಟರ್ ಸಣ್ಣಸ್ವಾಮಿ, ಖಾಕಿ ಪ್ಯಾಂಟನ್ನು ಮೊಣಕಾಲಿಗೆ ಮಡಚಿದ್ದ. ಹುಡುಗರೇ ಅವಳಿಗಿಂತ ಹೆಚ್ಚು ನಾಚಿಕೊಂಡು, ಒಬ್ಬರನ್ನೊಬ್ಬರು ತಳ್ಳುತ್ತ ನಗುತ್ತಿದ್ದರು. ಮೈದಾನದ ಸುತ್ತ ಒಂದು ಸುತ್ತು, ಹಲಸಿನ ಮರದ ಹತ್ತಿರ ತಿರುವು, ಸ್ಟೇಜಿನ ಮುಂದೆ ಮುಕ್ತಾಯ. ಮಾಸ್ಟರ್ ಸೀಟಿ ಬಾಯಿಗಿಟ್ಟರು.

ಎಷ್ಟೋ ದಿನ ಕಟ್ಟಿಹಾಕಿದ್ದ ಕಾಲು. ಸೀಟಿ ಊದಿದ ಮೇಲೆ ಮೊದಲ ಮೂವತ್ತು ಗಜದಲ್ಲೇ ಅವಳು ಮುಂದಾಗಿದ್ದಳು. ಒಣಹುಲ್ಲಿನ ಮೇಲೆ ಶೂ ಜಾರುತ್ತಿತ್ತು. ಇಬ್ಬರು ಆಗಲೇ ಹಿಂದೆ ಬಿದ್ದಿದ್ದರು. ಮರದ ಹತ್ತಿರ ಹಾಕಿ ತಂಡದ ಒಬ್ಬ ಉದ್ದಕಾಲಿನ ಹುಡುಗ ಅವಳನ್ನು ದಾಟಿದ. ಸಣ್ಣಸ್ವಾಮಿ ಅವಳ ಹೆಗಲಿಗೆ ಬಂದ, ದಾಟಬಹುದಿತ್ತು, ದಾಟಲಿಲ್ಲ. ಹೆಜ್ಜೆ ಸಣ್ಣದು ಮಾಡಿಕೊಂಡು ಪಕ್ಕದಲ್ಲೇ ಬರುತ್ತಿದ್ದ. ದೊಡ್ಡಮನಸ್ಸು ಮಾಡುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ಮೈಯೆಲ್ಲ ಉರಿದುಹೋಯಿತು.

"ಓಡು," ಎಂದು ಕಿರುಚಿದಳು, ಉಸಿರಿನ ನಡುವೆ. "ಸರಿಯಾಗಿ ಓಡು."

ಅವನು ಬೆಚ್ಚಿ ಅವಳ ಕಡೆ ನೋಡಿದ. ಆಮೇಲೆ ನಿಜವಾಗಿ ಓಡಿದ. ಅವಳು ಅವನ ಬೆನ್ನು ಹತ್ತಿದಳು. ಅವನ ಅಂಗಿಯ ಬೆವರಿನ ಕಲೆ ಬಿಟ್ಟು ಮೈದಾನದಲ್ಲಿ ಇನ್ನೇನೂ ಅವಳಿಗೆ ಕಾಣಲಿಲ್ಲ, ಜನವೂ, ಸ್ಟೇಜಿನ ಪರದೆಯೂ. ಕೊನೆಯ ಇಪ್ಪತ್ತು ಗಜದಲ್ಲಿ ಸಣ್ಣಸ್ವಾಮಿ ಉದ್ದಕಾಲಿನವನನ್ನೂ ಹಿಂದೆ ಹಾಕಿದ. ಯಮುನ ಮೂರನೆಯವಳಾಗಿ ಗೆರೆ ದಾಟಿ, ನಿಲ್ಲಲಾರದೆ ಬ್ಯಾಂಡಿನವರವರೆಗೆ ಹೋಗಿ, ಮೊಣಕಾಲಿಗೆ ಕೈಕೊಟ್ಟು ಬಾಗಿದಳು.

ತಲೆ ಎತ್ತಿದಾಗ ಮೈದಾನವೆಲ್ಲ ಜಗಳದಲ್ಲಿತ್ತು. ಅವಳ ಚಡ್ಡಿಯ ಬಗ್ಗೆ ಅಲ್ಲ, ಓಟದ ಬಗ್ಗೆ. ಮರದ ಹತ್ತಿರ ಅವಳು ಒಳಗಿನಿಂದ ತಿರುಗಿದ್ದರೆ ಎರಡನೆಯದು ಖಂಡಿತ ಎಂದು ಕೆಲವರು, ಇನ್ನೂರು ಗಜಕ್ಕೇ ಓಟ ನಿಲ್ಲಿಸಿದ್ದರೆ ಅವಳೇ ಮೊದಲು ಎಂದು ಮತ್ತೆ ಕೆಲವರು. ಸಂತೆಗೆ ಬಂದ ಒಬ್ಬ ಮುದುಕ ಕೋಲಿನಿಂದ ನೆಲದ ಮೇಲೆ ತಿರುವು ಬರೆದು ತೋರಿಸುತ್ತಿದ್ದ. ಮುದ್ದಿ ಜನರನ್ನು ತಳ್ಳಿಕೊಂಡು ಬಂದು, "ಹಿಂದಿನಿಂದ ನೂಕಬೇಕಿತ್ತು ಆ ಕಂಡಕ್ಟರನ್ನ," ಎಂದಳು.

ಬೆಳ್ಳಿಯ ಕಪ್ಪನ್ನು ಅಧಿಕಾರಿಗಳು ಅವಳಿಗೇ ಕೊಟ್ಟರು, ಹೆಸರು ಕೆತ್ತಿ ಆಗಿತ್ತಲ್ಲ. ಬೆವರು ಒರೆಸಿಕೊಳ್ಳುತ್ತ, ಚಡ್ಡಿಯಲ್ಲೇ, ಅವಳು ಅದನ್ನು ತೆಗೆದುಕೊಂಡಳು. ಸೀರೆ ಉಟ್ಟು ಬರಲು ಯಾರೂ ಹೇಳಲಿಲ್ಲ, ಅವಳಿಗೂ ನೆನಪಾಗಲಿಲ್ಲ. ಸಣ್ಣಸ್ವಾಮಿ ಸ್ಟೇಜಿನ ಕೆಳಗೆ ನಿಂತು, "ಕ್ಷಮ್ಸಿ ಅಕ್ಕ, ಮೊದ್ಲು ಗೊತ್ತಾಗ್ಲಿಲ್ಲ," ಎಂದ. ಯಾವುದು ಗೊತ್ತಾಗಲಿಲ್ಲ ಎಂದು ಅವಳು ಕೇಳಲಿಲ್ಲ.

ನಾಣಯ್ಯನವರಿಗೆ ಬೇಸರವಾಗಿತ್ತು. "ಸುಮ್ಮನೆ ಒಂದು ರೌಂಡ್ ಓಡಿದ್ದರೆ ಮುಗೀತಿತ್ತು ಪೊನ್ನಪ್ಪ. ಈಗ ನೋಡು, ಬಸ್ ಕಂಡಕ್ಟರ್ ಗೆದ್ದ ಅಂತ ಆಯಿತು." ಎರಡು ವಾರ ಅವರು ರೈಟರ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಆಮೇಲೆ ಅದೂ ಸರಿಹೋಯಿತು. ಕೆಟ್ಟ ಮಾತು ಆಡುವವರು ಊರಲ್ಲಿ ಆಮೇಲೂ ಇದ್ದರು. ಒಂದು ಮದುವೆಯ ಮಾತುಕತೆ ಆ ಭಾನುವಾರದ ಕಾರಣಕ್ಕೇ ಮುರಿಯಿತು, ಗಂಗಮ್ಮ ಎರಡು ದಿನ ಅತ್ತಳು. ಯಮುನ ಮಾತ್ರ ಸೋಮವಾರ ಬೆಳಿಗ್ಗೆಯೇ ಗಾಡಿರಸ್ತೆಗೆ ಇಳಿದಿದ್ದಳು. ಪಿಕ್ಕಿಂಗಿಗೆ ಹೊರಟ ಹೆಂಗಸರು ನಿಂತು ನೋಡಿದರು. ಅವಳು ನೋಡಿಸಿಕೊಂಡು ಹೋದಳು. ಸುಲಭವಾಗಿರಲಿಲ್ಲ, ಆದರೆ ಸುಮ್ಮನೆ ಕೂರುವುದು ಅದಕ್ಕಿಂತ ಕಷ್ಟವಾಗಿತ್ತು.

ಮುಂದಿನ ವರ್ಷ ಅವಳು ಬೆಂಗಳೂರಿನಲ್ಲಿ ಎರಡೂ ಓಟ ಗೆದ್ದಳು. ಸನ್ಮಾನಕ್ಕೆ ಕರೆಯುವ ಕಾಗದಗಳು ವಿರಾಜಪೇಟೆಯಿಂದ, ಮಡಿಕೇರಿಯಿಂದ ಬಂದವು. ಪೊನ್ನಪ್ಪ ಎಲ್ಲದಕ್ಕೂ ತನ್ನ ಗುಂಡು ಅಕ್ಷರದಲ್ಲಿ ಒಂದೇ ಉತ್ತರ ಬರೆದ: ಓಟ ಇದ್ದರೆ ಬರುತ್ತಾಳೆ. ಹೆಚ್ಚಿನವರು ಮತ್ತೆ ಬರೆಯಲಿಲ್ಲ. ವಿರಾಜಪೇಟೆ ಹತ್ತಿರದ ಬಿಟ್ಟಂಗಾಲದವರು ಬರೆದರು. ಓಟ ಇಡುತ್ತೇವೆ, ಆದರೆ ಓಡುವ ಹೆಂಗಸರು ಸಿಗುವುದು ಕಷ್ಟ ಎಂದರು.

ಧರ್ಮಪಾಲ ಮಾಸ್ಟರ್ ಒಂದು ವಾರ ಮೊದಲೇ ಅಲ್ಲಿಗೆ ಹೋಗಿ ಮನೆಮನೆ ತಿರುಗಿದರು. ಒಂಬತ್ತು ಜನ ಬಂದರು. ನಾಲ್ವರು ಶಾಲೆಯ ಹುಡುಗಿಯರು, ಒಬ್ಬಳು ಟೀಚರು, ಉಳಿದವರು ಎಸ್ಟೇಟಿನ ಲೈನಿನವರು. ಚಡ್ಡಿ ಯಾರ ಹತ್ತಿರವೂ ಇರಲಿಲ್ಲ. ಗೆರೆಯ ಹತ್ತಿರ ನಿಂತು, ಲಂಗ, ಸೀರೆಯನ್ನು ಹೇಗೆ ಕಟ್ಟಿಕೊಂಡರೆ ಹೆಜ್ಜೆಗೆ ಸಿಗುವುದಿಲ್ಲ ಎಂದು ಅವರು ಪರಸ್ಪರ ವಾದ ಮಾಡುತ್ತಿದ್ದರು. ಟೀಚರ ಸೆರಗು ಮತ್ತೆ ಮತ್ತೆ ಜಾರುತ್ತಿತ್ತು. ಯಮುನ ತನ್ನ ಜಾಗ ಬಿಟ್ಟು ಹೋಗಿ, ಅದನ್ನು ಅವಳ ಸೊಂಟಕ್ಕೆ ಎರಡು ಸುತ್ತು ಸುತ್ತಿ, ಬಿಗಿಯಾಗಿ ಸಿಕ್ಕಿಸಿ, "ಈಗ ಸರಿ, ಬಿಚ್ಚುವುದಿಲ್ಲ," ಎಂದು ಹೇಳಿ ವಾಪಸು ಬಂದು ನಿಂತಳು.